ಅವಳು ನೋಡದ ಎರಡನೇ ಭಾಗ

ಮೂರು ಭಾಗದ ಆ ಇಂಗ್ಲಿಷ್ ಪಿಕ್ಚರಿನ ಮೊದಲನೇ ಭಾಗವನ್ನು ನಾನು ಇವತ್ತಿಗೂ ನೋಡಿಲ್ಲ. ಆದರೂ ಅದರ ಕಥೆ ನನಗೆ ಬಾಯಿಪಾಠ. ಆಕಾಶಕ್ಕೆ ಹಾರುವ ಹಡಗಿನಲ್ಲಿ ಒಬ್ಬ ಬೇರೆ ಲೋಕಕ್ಕೆ ಹೋಗುತ್ತಾನೆ. ಅವನ ಹೆಂಡತಿ ವೈರ್‌ಲೆಸ್ ಪೆಟ್ಟಿಗೆಯ ಮುಂದೆ ಕೂತು ಅವನ ದನಿಗಾಗಿ ಕಾಯುತ್ತಾಳೆ. ದನಿ ಬರುವ ಹೊತ್ತಿಗೆ ಸರಿಯಾಗಿ ಪಿಕ್ಚರು ಮುಗಿಯುತ್ತದೆ. ಇದನ್ನು ನಮ್ಮ ಯಜಮಾನರು ನೋಡಿದ್ದು ತಮ್ಮ ಮೊದಲನೇ ಹೆಂಡತಿಯನ್ನೂ ಮಗಳನ್ನೂ ಕರೆದುಕೊಂಡು, ಚಿನ್ನದ ಗಣಿಯ ಊರು ಉರಿಗಾಮಿನ ಟಾಕೀಸಿನಲ್ಲಿ. ಎರಡನೇ ಭಾಗ ಬರುವಷ್ಟರಲ್ಲಿ ಆಕೆ ಜ್ವರ ಬಂದು ತೀರಿಕೊಂಡಿದ್ದಳು. ಆ ಜಾಗಕ್ಕೆ ನಾನು ಬಂದಿದ್ದೆ.

ನಮ್ಮದು ಬಂಗಾರಪೇಟೆ ಪಕ್ಕದ ಹಳ್ಳಿ. ರಾಗಿ ಹೊಲ, ಒಂದಷ್ಟು ಸೀಮೆಹಸು. ಯಜಮಾನರು ಬೆಳಗಿನ ರೈಲಿಗೆ ಹಾಲಿನ ಕ್ಯಾನು ಹತ್ತಿಸಿಕೊಂಡು ಹೋಗಿ ಉರಿಗಾಮಿನ ಗಣಿ ಕೂಲಿಗಳ ಲೈನುಮನೆಗಳಿಗೆ ಹಾಲು ಹಾಕಿ ಬರುತ್ತಿದ್ದರು. ಹಾಗೆ ಹೋಗಿ ಬಂದು ಅವರಿಗೆ ತಮಿಳೂ ಬಂತು, ಇಂಗ್ಲಿಷ್ ಪಿಕ್ಚರಿನ ಹುಚ್ಚೂ ಹಿಡಿಯಿತು. ಮಾತು ಅರ್ಥವಾಗದಿದ್ದರೆ ತಾವೇ ಒಂದು ಮಾತು ಸೇರಿಸಿ ನಮಗೆ ಹೇಳುವರು. ಎಷ್ಟೋ ಸಲ ಅವರ ಕಥೆಯೇ ಪಿಕ್ಚರಿಗಿಂತ ಚೆನ್ನಾಗಿರುತ್ತಿತ್ತು.

ಎರಡನೇ ಸಂಬಂಧ ಅಂದಮೇಲೆ ನಮ್ಮ ಕಡೆ ಸವತಿ ಬಿಲ್ಲೆ ಕಟ್ಟುತ್ತಾರೆ. ಸತ್ತವಳ ಹೆಸರಿನಲ್ಲಿ ಮಾಡಿಸಿದ ಚಿನ್ನದ ಬಿಲ್ಲೆ, ತಾಳಿಯ ಪಕ್ಕದಲ್ಲೇ ಇರುತ್ತದೆ. ಹೊಸ ಸೀರೆ ಉಡುವ ಮೊದಲು ಅದಕ್ಕೆ ಮುಟ್ಟಿಸಬೇಕು, ಹಬ್ಬದ ಒಬ್ಬಟ್ಟು ಬಾಯಿಗಿಡುವ ಮೊದಲು ಅದಕ್ಕೆ ತೋರಿಸಬೇಕು. "ಮೊದ್ಲು ಅವ್ಳಿಗೆ, ಆಮ್ಯಾಕೆ ನಿನ್ಗೆ," ಅನ್ನುವುದು ನಮ್ಮ ಅತ್ತೆಯ ಕಾನೂನು. ಭೂಮಿಯ ಕೆಳಗೆಲ್ಲ ಚಿನ್ನ ಅಗೆಯುವ ಸೀಮೆಯಲ್ಲಿ ನನ್ನ ಪಾಲಿಗೆ ಬಂದದ್ದು ಅವರೆಕಾಳಿನಷ್ಟು, ಅದೂ ಇನ್ನೊಬ್ಬಳ ಹೆಸರಿನದು. ನನಗೆ ಅದನ್ನು ಕಂಡರೆ ನಾಚಿಕೆ. ನೋಡಿದವರಿಗೆಲ್ಲ ಅದು ನನ್ನ ಸಮಾಚಾರ ಹೇಳಿಬಿಡುತ್ತಿತ್ತು. ಊರು ದಾಟಿದ ತಕ್ಷಣ ರವಿಕೆಯೊಳಗೆ ತಳ್ಳಿಬಿಡುತ್ತಿದ್ದೆ.

ಸತ್ತವಳ ಮಗಳು, ಆ ಹುಡುಗಿ, ನನ್ನ ಜೊತೆ ಜಗಳವೇನೂ ಆಡುತ್ತಿರಲಿಲ್ಲ. ಆಡಿದ್ದರೆ ಚೆನ್ನಾಗಿತ್ತು. ಅಮ್ಮ ಅಂತಲೂ ಕರೆಯಲಿಲ್ಲ, ಚಿಕ್ಕಮ್ಮ ಅಂತಲೂ ಕರೆಯಲಿಲ್ಲ. ನಾನು ಬಗ್ಗಿ ಮುದ್ದೆ ಬಡಿಸುವಾಗ ನನ್ನ ಮುಖ ನೋಡದೆ ಬಿಲ್ಲೆ ನೋಡುತ್ತಿದ್ದಳು. ಆ ಮನೆಯಲ್ಲಿ ಬೇರೆ ಯಾರು ಮೆಚ್ಚದಿದ್ದರೂ ನಾನು ಬದುಕಿಕೊಳ್ಳುತ್ತಿದ್ದೆ, ಅವಳೊಬ್ಬಳು ಮೆಚ್ಚಬೇಕಿತ್ತು.

ಎರಡನೇ ಭಾಗ ಬಂದಾಗ ಭಾನುವಾರದ ಮ್ಯಾಟಿನಿಗೆ ಮೂವರೂ ಹೋದೆವು. ಯಜಮಾನರು ಗಂಡಸರ ಕಡೆ ಕೂತರು, ನಾನೂ ಹುಡುಗಿಯೂ ಹೆಂಗಸರ ಬೆಂಚಿನಲ್ಲಿ. ಕೂರುವಾಗ ಬಿಲ್ಲೆ ಸರಿದು ಆಚೆ ಬಂತು. ಪಕ್ಕದ ಉರಿಗಾಮಿನ ಹೆಂಗಸು ಕತ್ತು ಬಗ್ಗಿಸಿ ನೋಡಿ, "ನೀ ರೆಂಡಾಂದಾರಮಾ?" ಅಂದಳು. ಎರಡನೇ ಹೆಂಡತಿಯಾ ಅಂತ ತಮಿಳಿನಲ್ಲಿ ಕೇಳಿದ್ದು, ಬೆಂಚಿಗೆಲ್ಲ ಕೇಳಿಸುವಂತೆ. ನಾನು ಬಿಲ್ಲೆ ಒಳಗೆ ತಳ್ಳಿ ಸೆರಗು ಹೊದ್ದುಕೊಂಡೆ.

ಪಿಕ್ಚರಿನಲ್ಲಿ ಹಡಗು ವಾಪಸ್ ಬಂತು. ಹೀರೊ ಮನೆ ಬಾಗಿಲಿಗೆ ನಡೆದ. ಬಾಗಿಲು ತೆರೆದು ಹೆಂಡತಿ ನಿಂತಳು. ನಮ್ಮ ಹುಡುಗಿ ಎದ್ದು ನಿಂತು, "ಇವ್ಳಲ್ಲ! ಇವ್ಳು ಬ್ಯಾರೆ!" ಅಂತ ಕೂಗಿದಳು. ನಿಜವಾಗಿಯೂ ಬೇರೆಯವಳು ಅಂತ ನನಗೆ ಆಮೇಲೆ ಗೊತ್ತಾಯಿತು. ಮೊದಲನೇ ಭಾಗದವಳನ್ನು ಬಿಟ್ಟು ಇನ್ಯಾರನ್ನೋ ತಂದು ಅದೇ ಮನೆಯಲ್ಲಿ ನಿಲ್ಲಿಸಿದ್ದರು. ಹೀರೊಗೆ ಮಾತ್ರ ಏನೂ ಅನ್ನಿಸಿದ ಹಾಗಿರಲಿಲ್ಲ. ಹೋಗಿ ತಬ್ಬಿಕೊಂಡ. ಬೆಂಚಿನವರೆಲ್ಲ ನಕ್ಕರು.

ಹುಡುಗಿ ಕೂತು ನನ್ನ ಕಿವಿಗೆ ಬಾಯಿಟ್ಟಳು. "ಬಿಲ್ಲೆ ಆಚೆ ತೆಗಿ. ನಮ್ಮಮ್ಮ ನೋಡ್ಲಿ."

ಮನೆಯ ಕಾನೂನು ನೋಡಿದರೆ ಅವಳು ಕೇಳಿದ್ದು ಸರಿಯಾಗಿಯೇ ಇತ್ತು. ಆದರೆ ಪಕ್ಕದವಳು ಇನ್ನೂ ನನ್ನನ್ನೇ ನೋಡುತ್ತಿದ್ದಳು. ಸೆರಗಿನ ಮೇಲಿಂದ ಬಿಲ್ಲೆಯನ್ನು ಗಟ್ಟಿಯಾಗಿ ಹಿಡಿದುಕೊಂಡು, "ಸುಮ್ನೆ ಕೂತ್ಕೊ. ಸತ್ತೋರು ಪಿಕ್ಚರ್ ನೋಡ್ತಾರಾ?" ಅಂದುಬಿಟ್ಟೆ. ಅವಳು ಮತ್ತೆ ಕೇಳಲಿಲ್ಲ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಮಿಕ್ಕ ಪಿಕ್ಚರನ್ನು ಅವಳು ನೋಡಿದಳೋ ಇಲ್ಲವೋ ಅಂತ ತಿರುಗಿ ನೋಡುವ ಧೈರ್ಯವೂ ನನಗಿರಲಿಲ್ಲ.

ವಾಪಸ್ ಬರುವ ರೈಲಿನಲ್ಲಿ ಪಂಚಾಯಿತಿ ಶುರುವಾಯಿತು. "ಎಷ್ಟಾದ್ರೂ ಮೊದಲ್ನೇದು ಮೊದಲ್ನೇದೇ ಕಣ್ಲಾ," ಅಂತ ಯಜಮಾನರು, ಅದೇ ಪಿಕ್ಚರು ನೋಡಿ ಬರುತ್ತಿದ್ದ ತಮ್ಮ ಜೊತೆಯ ಹಾಲಿನವನಿಗೆ ಹೇಳಿದರು. "ಎರಡ್ನೇದು ಅಂದ್ರೆ ಸುಮ್ನೆ ಎಳೆಯೋದು."

"ಆ ಒಸಾ ಎಂಗ್ಸು ಬ್ಯಾರೆ! ಮಖದಲ್ಲಿ ಕಳೇನೇ ಇಲ್ಲ," ಅಂದ ಅವನು.

"ಕಳೆ ಎಲ್ಲಿಂದ ಬತ್ತದೆ? ಮೊದಲ್ನೇವ್ಳು ಅತ್ರೆ ನಮ್ಗೂ ಅಳು ಬತ್ತಿತ್ತು," ಅಂದವರು ಎದುರಿಗೆ ನಾನು ಕೂತಿರುವುದನ್ನು ನೋಡಿದರು. "ನಾನು ಪಿಕ್ಚರ್ ವಿಸ್ಯ ಮಾತಾಡ್ತಿರೋದು," ಅಂತ ಸೇರಿಸಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಹಾಲಿನವನು ಕಿಟಕಿಯಾಚೆ ನೋಡತೊಡಗಿದ. ನನಗೆ ರೈಲಿನಿಂದ ಇಳಿದು ನಡೆದುಬಿಡೋಣ ಅನ್ನಿಸಿತು.

ಆ ನಟಿಯ ಮೇಲೆ ನನಗೂ ಸಿಟ್ಟಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಯೋಚನೆ ಮಾಡಿದರೆ, ಅವಳು ಕೆಟ್ಟದಾಗಿ ಏನು ಮಾಡಿದ್ದಳು? ಅಳು ಅಂದಾಗ ಅತ್ತಳು, ನಗು ಅಂದಾಗ ನಕ್ಕಳು. ಇನ್ನೊಬ್ಬಳು ಬಿಟ್ಟುಹೋದ ಮನೆಯಲ್ಲಿ ಪಾತ್ರೆ ಎಲ್ಲಿದೆ ಅಂತ ಹುಡುಕಿಕೊಂಡು ಕಾಫಿ ಮಾಡಿಕೊಟ್ಟಳು.

ಮಾರನೇ ವರ್ಷ ಮೂರನೇ ಭಾಗ ಬಂತು. ಆ ಒಂದು ವರ್ಷ ನನ್ನನ್ನು ತಿಂದದ್ದು ರೈಲಿನ ಮಾತಲ್ಲ, ನಾನು ಹುಡುಗಿಗೆ ಆಡಿದ ಮಾತು. ಅದಾದ ಮೇಲೆ ಅವಳು ಬಿಲ್ಲೆಯ ಕಡೆ ನೋಡುವುದನ್ನೂ ಬಿಟ್ಟಿದ್ದಳು. ಈ ಸಲ ಅದೇ ಟಾಕೀಸಿನ ಹೆಂಗಸರ ಬೆಂಚಿನಲ್ಲಿ ಕೂತ ತಕ್ಷಣ, ದೀಪ ಆರುವ ಮೊದಲೇ, ಬಿಲ್ಲೆಯನ್ನು ನಾನೇ ಎಳೆದು ಸೆರಗಿನ ಮೇಲೆ ಹಾಕಿಕೊಂಡೆ. ಉರಿಗಾಮು ಪೂರ್ತಿ ನೋಡಲಿ ಅಂತ. ಹುಡುಗಿ ಮೆಚ್ಚುತ್ತಾಳೆ ಅಂದುಕೊಂಡಿದ್ದೆ.

ಅವಳು ನೋಡಿ, "ಒಳಗೆ ಆಕ್ಕೊ," ಅಂದಳು.

"ಯಾಕೆ? ನಿಮ್ಮಮ್ಮ ನೋಡ್ಲಿ ಅಂತ ತೆಗೆದೆ."

"ಎರಡ್ನೇದು ನೋಡಿಲ್ವಲ್ಲ. ಮೂರ್ನೇದು ಎಂಗೆ ಅರ್ತ ಆಯ್ತದೆ ಅವ್ಳಿಗೆ?"

ಅವಳಿಗೆ ಸಿಟ್ಟಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ನನ್ನ ಮುಖ ಕಾದ ಹೆಂಚಾಯಿತು. ಪರದೆಯ ಮೇಲೆ ಇನ್ನೂ ಸೋಪಿನ ಜಾಹೀರಾತು ಬರುತ್ತಿತ್ತು. ಬೇರೆ ದಾರಿ ಕಾಣದೆ ಬಿಲ್ಲೆಯನ್ನು ಎರಡು ಬೆರಳಲ್ಲಿ ಹಿಡಿದು, ತಲೆ ತಗ್ಗಿಸಿ ಶುರುಮಾಡಿದೆ.

"ಅಕ್ಕಾ, ಓದ್ಸಲ ನಿನ್ಗೆ ತೋರಿಸ್ಲಿಲ್ಲ. ತಪ್ಪಾಯ್ತು. ಅವ್ನು ಆಕಾಶದಿಂದ ವಾಪಸ್ ಬತ್ತಾನೆ. ಬಾಗ್ಲು ತೆಗೆದ್ರೆ ಎಂಡ್ತಿ ನಿಂತವ್ಳೆ."

"ಮೊದ್ಲು ನಾಯಿ ಬತ್ತದೆ," ಅಂದಳು ಹುಡುಗಿ, ಹತ್ತಿರ ಸರಿದು. "ನಾಯಿ ಮೂಸ್ತದೆ. ಆಮ್ಯಾಕೆ ಅವ್ಳು."

ಅವಳಿಗೆ ಅಷ್ಟೂ ನೆನಪಿತ್ತು. ನಾನು ನಾಯಿಯನ್ನು ಸೇರಿಸಿ ಮತ್ತೆ ಹೇಳಿದೆ. ಮುಂದಿನ ಬೆಂಚಿನವರು ತಿರುಗಿ ತಿರುಗಿ ನೋಡುತ್ತಿದ್ದರು, ಎದೆಯ ಮೇಲಿನ ಬಿಲ್ಲೆಯ ಜೊತೆ ಮಾತಾಡುವ ಹೆಂಗಸನ್ನು. ನಾಚಿಕೆಯಿಂದ ನನ್ನ ದನಿ ಪಿಸುಮಾತಿಗೆ ಇಳಿದಿತ್ತು, ಆದರೂ ನಿಲ್ಲಿಸಲಿಲ್ಲ.

"ಎಂಡ್ತಿ ಅಂದ್ರೆ ನೀನು ನೋಡಿದ್ದವ್ಳಲ್ಲ ಅಕ್ಕಾ. ಬ್ಯಾರೆಯವ್ಳು ಬಂದವ್ಳೆ. ಈ ಬ್ಯಾರೆಯವ್ಳು ಅಷ್ಟೊಂದು ಚೆನ್ನಾಗಿಲ್ಲ..."

ಅಲ್ಲಿಗೆ ಬಂದು ಬಿಲ್ಲೆಯನ್ನು ಸೆರಗಿನ ತುದಿಯಿಂದ ಒರೆಸಿದೆ. ಹುಡುಗಿ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಮೊಣಕೈಯಿಂದ ನನ್ನನ್ನು ಮೆಲ್ಲಗೆ ತಿವಿದು, "ಅವ್ಳೂ ಪರವಾಗಿಲ್ಲ ಅನ್ನು," ಅಂದಳು.