ಬಚ್ಚಲಿನ ಎರಡು ಕಿಂಡಿ

"ಬಚ್ಚಲಕ್ಕ ಕಿಟಕಿ ಯಾಕವಾ? ಯಾರರೆ ನೋಡ್ಲಿ ಅಂತೇನು?"

ಇಳಕಲ್ಲಿಗೆ ಬಂದ ದಿನ ನನಗೆ ಎದುರಾದ ಮೊದಲ ಪ್ರಶ್ನೆ ಇದು. ಕೇಳಿದವರು ಮನೆಯ ಒಡತಿ ಶಾಂತವ್ವ. ನನ್ನ ಗಂಡನಿಗೆ ಇಲ್ಲಿನ ಗ್ರಾನೈಟ್ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ, ಹುಣಸೂರಿನಿಂದ ಬಂದ ನಾವು ಅವರ ಮನೆಯ ಮುಂದಿನ ಎರಡು ಕೋಣೆ ಹಿಡಿದಿದ್ದೆವು. ಬಚ್ಚಲು ಎರಡೂ ಸಂಸಾರಕ್ಕೆ ಒಂದೇ. ಅಡುಗೆಮನೆಯ ಮೂಲೆಯಲ್ಲಿ, ದಪ್ಪ ಕಲ್ಲಿನ ಗೋಡೆಗಳ ನಡುವೆ ಇತ್ತು. ಬಾಗಿಲು ಹಾಕಿದರೆ ಹಗಲಿನಲ್ಲೂ ಕತ್ತಲು.

ಹುಣಸೂರಿನ ನಮ್ಮ ಬಚ್ಚಲುಮನೆಗೂ ಕಿಟಕಿ ಇರಲಿಲ್ಲ, ನಿಜ. ಆದರೆ ಹಂಡೆ ಒಲೆಯ ಹೊಗೆ ಹೆಂಚಿನ ಸಂದಿಯಲ್ಲಿ ತಾನೇ ದಾರಿ ಹುಡುಕಿಕೊಳ್ಳುತ್ತಿತ್ತು. ಇಲ್ಲಿ ತಲೆಯ ಮೇಲೂ ಕಲ್ಲೇ.

ಮಧ್ಯಾಹ್ನ ಎದುರುಮನೆಯ ಮಗ್ಗದ ಸದ್ದು ಬಿಟ್ಟರೆ ನನಗೆ ಜೊತೆ ಇರಲಿಲ್ಲ. ನಾನು ಬಾಯಿ ತೆರೆದರೆ ಶಾಂತವ್ವ ನಗುತ್ತಿದ್ದರು. "ನೀ ಮಾತಾಡಿದ್ರ ಸಾಲಿ ಪುಸ್ತಕ ಓದಿದಂಗ ಆಗ್ತೈತಿ." ಹೀಗಾಗಿ ಮಾತು ಕಡಿಮೆ ಮಾಡಿದೆ. ಬಾಡಿಗೆಯವರು ಕಣ್ಣು ತೆರೆದಿರಬೇಕು, ಬಾಯಿ ಮುಚ್ಚಿರಬೇಕು ಎಂಬುದು ಹೊರಡುವಾಗ ಅಮ್ಮ ಕಟ್ಟಿಕೊಟ್ಟ ಬುತ್ತಿ.

ಶಾಂತವ್ವನ ಮಗಳು ಶಿವಲೀಲಾ ಹೆರಿಗೆಗೆಂದು ಹುನಗುಂದದಿಂದ ತವರಿಗೆ ಬಂದಳು. ಈ ಊರಿನಲ್ಲಿ ನನ್ನನ್ನು ಅಕ್ಕಾ ಎಂದು ಕರೆದ ಮೊದಲ ಜೀವ ಅವಳು. ಹೆರಿಗೆಯಾದ ಮೇಲೆ ಬಾಣಂತಿಗೂ ಮಗುವಿಗೂ ಎರೆಯಲು ದಿನಾ ಹಂಡೆಗಟ್ಟಲೆ ಬಿಸಿನೀರು ಬೇಕು. ಅದಕ್ಕಾಗಿ ಗ್ಯಾಸ್ ಗೀಸರ್ ಬಂತು, ಅದನ್ನು ಕೂಡಿಸಲು ಮಿಸ್ತ್ರಿ ದಾವಲಸಾಬ ಬಂದ. ಬಚ್ಚಲು ನೋಡಿದವನೇ ತಲೆಯಾಡಿಸಿದ.

"ಉರಿಯಾಕ ಗಾಳಿ ಬೇಕ್ರಿ ಅವ್ವಾರ. ಹೊರಗಿನ ಗ್ವಾಡಿಗೆ ಕೂಡಸ್ತೇನಿ, ಬರೇ ನೀರಿನ ಪೈಪ್ ಒಳಗ ಬರ್ಲಿ."

"ಹಿತ್ತಲದಾಗ ಇಟ್ರ ಯಾರರೆ ಬಿಚ್ಚಿಕೊಂಡು ಹೋದಾರು. ಒಳಗ ಹಚ್ಚು."

ವಾದ ಬಹಳ ಹೊತ್ತು ನಡೆಯಿತು, ಗೆದ್ದವರು ಶಾಂತವ್ವ. ದಾವಲಸಾಬ ಹಿತ್ತಲ ಗೋಡೆಗೆ ಮೇಲೊಂದು ಕೆಳಗೊಂದು ಕಿಂಡಿ ಕೊರೆದು, ಒಲ್ಲದ ಮನಸ್ಸಿನಿಂದ ಗೀಸರನ್ನು ಒಳಗೇ ಕೂಡಿಸಿದ. "ಕಿಂಡಿ ಮುಚ್ಚಬ್ಯಾಡ್ರಿ. ನೀರು ತುಂಬಿಕೊಂಡು, ಬಂದ್ ಮಾಡಿ, ಆಮ್ಯಾಲೆ ಜಳಕ ಮಾಡ್ರಿ. ಗ್ಯಾಸ್ ಉರಿದಾಗ ಬರೂ ಕೆಟ್ಟ ಗಾಳಿಗೆ ವಾಸನಿ ಇರಂಗಿಲ್ಲ," ಎಂದು ಎರಡು ಸಲ ಹೇಳಿ ಹೋದ.

ಆದರೆ ಬಾಣಂತಿಗೆ ಗಾಳಿ ತಾಕಬಾರದು ಎಂಬುದು ಅವನಿಗಿಂತ ಹಳೆಯ ಮಾತು. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಬಾಗಿಲಿಗೆ ಚಿಲಕ. ಒಂದು ದಿನ ಹಿತ್ತಲಲ್ಲಿ ಬಟ್ಟೆ ಒಣಹಾಕುವಾಗ ಕಂಡೆ: ಎರಡೂ ಕಿಂಡಿಗಳಲ್ಲಿ ಹಳೆಯ ಇಳಕಲ್ ಸೀರೆಯ ಕೆಂಪು ಸೆರಗಿನ ಚೂರುಗಳನ್ನು ಗಟ್ಟಿಯಾಗಿ ತುರುಕಿದ್ದರು. ಯಾರ ಕೆಲಸವೆಂದು ಕೇಳಬೇಕಿರಲಿಲ್ಲ.

ನಾನು ಸುಮ್ಮನಿದ್ದೆ. ಮನೆ ಅವರದು, ಮಗಳು ಅವರವಳು.

ಮರುದಿನ ಶಿವಲೀಲಾ ತಲೆ ಸಿಡಿಯುತ್ತದೆ ಎಂದಳು. ಶಾಂತವ್ವ ದೃಷ್ಟಿ ತೆಗೆದರು. ನಾನು ಆಗಲೂ ಬಾಯಿ ಬಿಡಲಿಲ್ಲ.

ಅದರ ಮರುದಿನ ಮಗುವಿಗೆ ಎರೆದು ನನ್ನ ಕೈಗೆ ಕೊಟ್ಟರು. ಮಗಳಿಗೂ ನಾಲ್ಕು ಚರಗಿ ನೀರು ಸುರಿದು, ಲೋಬಾನದ ಹೊಗೆಗೆ ಕೆಂಡ ತರಲು ಹೊರಬಂದು ಬಾಗಿಲು ಎಳೆದುಕೊಂಡರು. ಗೀಸರ್ ಉರಿಯುತ್ತಲೇ ಇತ್ತು. ಅಡುಗೆಮನೆಯಲ್ಲಿ ಮಗುವನ್ನೆತ್ತಿಕೊಂಡು ನಿಂತ ನನಗೆ ನಲ್ಲಿಯ ಸದ್ದು ಕೇಳುತ್ತಿತ್ತು, ಚರಗಿಯ ಸದ್ದು ಕೇಳುತ್ತಿರಲಿಲ್ಲ. ಎರಡು ಸಲ ಕರೆದೆ. ಉತ್ತರ ಬರಲಿಲ್ಲ. ಮಗುವನ್ನು ಚಾಪೆಯ ಮೇಲೆ ಮಲಗಿಸಿ ಬಾಗಿಲು ನೂಕಿದೆ. ಅವಳು ಗೋಡೆಗೆ ಒರಗಿ ಕುಸಿದಿದ್ದಳು.

ಗೀಸರ್ ಆರಿಸಿ, ಸೀರೆ ಸುತ್ತಿ, ಹಿತ್ತಲಿಗೆ ಎಳೆದೆ. ಕೆಂಡದ ಬಟ್ಟಲು ಕೆಳಗಿಟ್ಟು ಶಾಂತವ್ವ ಓಡಿಬಂದರು. "ಗಾಳಿ ಬಡೀತೈತಿ, ಒಳಗ ತಗೋ ಆಕೀನ!"

"ಬಡೀಲಿ ಬಿಡ್ರಿ," ಎಂದೆ. ಅವರ ಮಾತು ನನ್ನ ಬಾಯಲ್ಲಿ ತಾನಾಗಿ ಬಂದದ್ದು ಅದೇ ಮೊದಲು.

ದವಾಖಾನೆಯಲ್ಲಿ ಆಕ್ಸಿಜನ್ ಕೊಟ್ಟರು. ಮೂರನೆಯ ದಿನ ಶಿವಲೀಲಾ ಮನೆಗೆ ಬಂದು ಮಗುವಿಗೆ ಹಾಲೂಡಿಸಿದಳು. ದಾವಲಸಾಬ ಗೀಸರ್ ಬಿಚ್ಚಿ ಹೊರಗಿನ ಗೋಡೆಗೆ ಹಾಕಿದ. ಕಿಂಡಿಗಳಿಗೆ ಕಬ್ಬಿಣದ ಜಾಲರಿ ಬಡಿದ, ಯಾರೂ ಏನೂ ತುರುಕದ ಹಾಗೆ.

ಅಂದು ಸಂಜೆ ಶಾಂತವ್ವ ಕೇಳಿದರು. "ಕಿಂಡ್ಯಾಗ ಅರಬಿ ತುರುಕಿದ್ದು ಮೊದಲ ನೋಡಿದ್ದೇನು?"

"ನೋಡಿದ್ದೆ. ಮನೆ ನಿಮ್ಮದು ಅಂತ..."

"ಮನಿ ನಂದು, ಖರೆ. ಆಕಿ ನಿನಗ ಅಕ್ಕಾ ಅಂತಿದ್ದಳಲ್ಲ."

ಅವರು ಬೈದಿದ್ದರೆ ಹಗುರಾಗುತ್ತಿತ್ತು. ನನಗೆ ನಾಚಿಕೆಯಾಯಿತು, ಇವತ್ತಿಗೂ ಆಗುತ್ತದೆ.

ಈ ಸಲ ಹುಣಸೂರಿಗೆ ಹೋದಾಗ ನನ್ನ ತಮ್ಮ ಹೊಸ ಮನೆ ತೋರಿಸಿದ. ಬಚ್ಚಲಿನೊಳಗೇ ಗ್ಯಾಸ್ ಗೀಸರ್. ಚಳಿಗೆಂದು ವೆಂಟಿಲೇಟರಿಗೆ ರಟ್ಟು ಬಡಿದಿದ್ದ. ಗೀಸರ್ ಹೊರಗೆ ಹಾಕಿಸು, ರಟ್ಟು ತೆಗಿ ಎಂದೆ.

"ನಿಮ್ಮೂರಿನ ಪುರಾಣ ನಿಮ್ಮೂರಲ್ಲೇ ಇಟ್ಕೊ ಕಣಕ್ಕ," ಎಂದ.

ನಿಮ್ಮೂರು ಎಂದರೆ ಇಳಕಲ್ಲು. ಅಲ್ಲಿ ನಾನಿನ್ನೂ ಹುಣಸೂರಿನಾಕಿ.

ನಾನು ಅಡುಗೆಮನೆಯಿಂದ ಸ್ಟೂಲು ತಂದೆ. "ಸುಮ್ನಿರೋ," ಎಂದು ಅಮ್ಮ ತಮ್ಮನಿಗೆ ಹೇಳುತ್ತಿದ್ದಳು, "ಎರಡು ದಿನ ಇದ್ದು ಹೋಗೋಳು."

ಸ್ಟೂಲು ಹತ್ತಿ ರಟ್ಟು ಕಿತ್ತೆ.