ಕುಲುಕಬಾರದ ಟ್ಯೂಬು

ಆಸ್ಪತ್ರೆಯಲ್ಲಿ ರಕ್ತ ಪರೀಕ್ಷಿಸುತ್ತಿದ್ದ ಲ್ಯಾಬಿನ ಅಣ್ಣ ಇಂದು ಬೆಳಿಗ್ಗೆ ತೀರಿಕೊಂಡರು. ಜೀವಕೋಶ ಒಡೆದರೆ ಎಲ್‌ಡಿಎಚ್ ಎಂಬ ಕಿಣ್ವ ರಕ್ತಕ್ಕೆ ಸೋರುತ್ತದೆ. ರೋಗದಿಂದ ಒಡೆದರೂ ಅಷ್ಟೇ, ಟ್ಯೂಬು ಕುಲುಕಿದ್ದಕ್ಕೆ ಕೋಶ ಒಡೆದರೂ ಅಷ್ಟೇ. ಅದಕ್ಕೇ ಅವರು ರಕ್ತದ ಟ್ಯೂಬನ್ನು ನಿದ್ದೆಹೋದ ಕೂಸಿನಂತೆ ಹಿಡಿದು, ಮೆಟ್ಟಿಲ ಮೇಲೆ ಉಸಿರು ಬಿಗಿಹಿಡಿದು ನಡೆಯುತ್ತಿದ್ದರು. ಹಳೆಯ ಗೆಳತಿ ನರ್ಸು ಟ್ಯೂಬು ಹಿಡಿದು ಓಡಿಬಂದರೆ, "ಏನ್ ತಾಯಿ, ಇದೇನು ಗಿಲಕಿ ಅಂದ್ಕೊಂಡ್ಯಾ?" ಎಂದು ರೇಗಿಸುತ್ತಿದ್ದರು. ರಕ್ತದ ಮೇಲೆ ನಿಂತ ತಿಳಿನೀರು ಕೆಂಪಾಗಿದ್ದರೆ, ಕುಲುಕಿ ಕೋಶ ಒಡೆದಿದೆಯೆಂದು ಮತ್ತೆ ರಕ್ತ ತರಿಸುತ್ತಿದ್ದರು. ನಿನ್ನೆ, ಕ್ಯಾನ್ಸರಿನಿಂದ ಮಲಗಿದ್ದ ಅವರದೇ ರಕ್ತದಲ್ಲಿ ಎಲ್‌ಡಿಎಚ್ ಮಿತಿಮೀರಿತ್ತು. "ಬರೋವಾಗ ನಾನೇ ಕುಲುಕ್ಬಿಟ್ಟೆ ಅಣ್ಣ, ರಿಪೋರ್ಟ್ ತಪ್ಪು," ಎಂದು ಅವಳು ಸುಳ್ಳು ಹೇಳಿದಳು. ಅವರು ಟ್ಯೂಬು ತರಿಸಿಕೊಂಡು ಕಿಟಕಿಯ ಬೆಳಕಿಗೆ ಹಿಡಿದರು. ತಿಳಿನೀರಿನಲ್ಲಿ ಕೆಂಪಿನ ಸುಳಿವೇ ಇರಲಿಲ್ಲ. "ಮುಂದಿನ ಸಲ ಜೋಪಾನ, ತಾಯಿ," ಎಂದು ಅದನ್ನು ಅಲುಗಿಸದೆ ಅವಳ ಕೈಗಿಟ್ಟರು.