ನೇರವಾಗಿಯೇ ಕಂಡ ಕಣ್ಣು

ಮೆಳ್ಳೆಗಣ್ಣಿಗೆ ಶಸ್ತ್ರಚಿಕಿತ್ಸೆಯೊಂದೇ ಮದ್ದೆಂದು ಜನ ನಂಬಿದ್ದ ಕಾಲದಲ್ಲಿ, ತಕ್ಕ ಕನ್ನಡಕವನ್ನು ತಕ್ಕ ವಯಸ್ಸಿನಲ್ಲಿ ತೊಡಿಸಿದರೆ ಎಷ್ಟೋ ಮಕ್ಕಳ ಕಣ್ಣು ನೇರವಾಗುತ್ತದೆಂದು ನಮ್ಮ ಆಸ್ಪತ್ರೆಯಲ್ಲಿ ತೋರಿಸಿಕೊಟ್ಟವರು, ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಡಾಕ್ಟರಮ್ಮ. ಅವರ ಕೈಕೆಳಗೆ ಕಲಿತು, ಅವರ ಪಕ್ಕದ ಕೋಣೆಯಲ್ಲೇ ದುಡಿಯುವ ಭಾಗ್ಯ ನನ್ನದಾಯಿತು.

ನಾನು ಸೇರಿದ ಹೊಸತರಲ್ಲಿ, ಮೂರು ವರ್ಷದ ಮೊಮ್ಮಗಳನ್ನು ಕರೆತಂದಿದ್ದ ಅಜ್ಜಿಯೊಬ್ಬರು ಕನ್ನಡಕವೆಂದೊಡನೆ ಸಿಡುಕಿದರು. "ಇಷ್ಟು ಪುಟ್ಟ ಮೂಗಿಗೆ ಕನ್ನಡಕಾನಾ? ನಾಳೆ ಇವಳನ್ನ ಯಾರು ಒಪ್ತಾರೆ?"

"ಒಪ್ಪೋರು ಬರೋದಕ್ಕೆ ಇನ್ನೂ ಇಪ್ಪತ್ತು ವರ್ಷ ಇದೆ ಅಜ್ಜಿ. ಈ ಕಣ್ಣಿಗೆ ಅಷ್ಟು ಪುರುಸೊತ್ತಿಲ್ಲ" ಎಂದ ಡಾಕ್ಟರಮ್ಮ, ಗಾಜಿಲ್ಲದ ಫ್ರೇಮೊಂದನ್ನು ಅಜ್ಜಿಯ ಮೂಗಿನ ಮೇಲೇ ಕೂರಿಸಿದರು. ಮಗು ಕಿಲಕಿಲನೆ ನಕ್ಕು ತನಗೂ ಬೇಕೆಂದು ಕೈಚಾಚಿತು. ಕೆಲವು ತಿಂಗಳ ಬಳಿಕ ಅದೇ ಅಜ್ಜಿ, ಎರಡೂ ಕಣ್ಣಿಂದ ತಮ್ಮನ್ನೇ ನೋಡುವ ಮೊಮ್ಮಗಳನ್ನು ತೋರಿಸುತ್ತ ಅತ್ತುಬಿಟ್ಟರು.

ಇಂಥ ಡಾಕ್ಟರಮ್ಮನ ಮನೆಯಲ್ಲೇ ದೀಪದ ಬುಡದ ಕತ್ತಲೆಯಂತೆ ದುಃಖವೊಂದು ಬೆಳೆಯುತ್ತಿತ್ತು. ಅವರ ಒಬ್ಬಳೇ ಮಗಳ ಕಣ್ಣುಗಳು ನೋಡಲು ನೇರವಾಗಿಯೇ ಇದ್ದವು. ಪರೀಕ್ಷಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ. ಹನ್ನೆರಡರ ವಯಸ್ಸಿನಲ್ಲಿ ಬಲಗಣ್ಣಿನ ರೆಪ್ಪೆ ಬಾತು ಮುಚ್ಚಿಕೊಂಡ ದಿನ ಹುಡುಗಿ ಬಾಗಿಲಿಗೆ ಡಿಕ್ಕಿ ಹೊಡೆದಳು. ತಾಯಿ ಅವಳನ್ನು ಆಸ್ಪತ್ರೆಗೆ ಕರೆತಂದು ಎಡಗಣ್ಣನ್ನು ಪರೀಕ್ಷಿಸುವಾಗ ನಾನು ಅಲ್ಲೇ ಇದ್ದೆ.

"ಈ ಕಣ್ಣು ಮೊದಲಿಂದ್ಲೂ ಹೀಗೇನಾ ಪುಟ್ಟಿ?"

"ಹೂಂ. ಎಲ್ಲರಿಗೂ ಒಂದು ಕಣ್ಣು ಮಂಜಾಗೇ ಇರುತ್ತೆ ಅಂದ್ಕೊಂಡಿದ್ದೆ, ಅಮ್ಮ."

ಎಳವೆಯಲ್ಲಿ ಬೇಕಿದ್ದ ದಪ್ಪ ಗಾಜು ಸಿಗದೆ, ಮಿದುಳು ಆ ಕಣ್ಣನ್ನು ಬಳಸುವುದನ್ನೇ ಬಿಟ್ಟಿತ್ತು. ಡಾಕ್ಟರಮ್ಮ ಕನ್ನಡಕ ಕೊಟ್ಟರು, ಮಂಜಾದ ಕಣ್ಣು ದುಡಿಯಲೆಂದು ಒಳ್ಳೆಯ ಕಣ್ಣಿಗೆ ದಿನವೂ ಪಟ್ಟಿ ಹಾಕಿದರು. ಗೆಳತಿಯರ ನಗೆಯನ್ನು ನುಂಗಿಕೊಂಡು ಹುಡುಗಿ ವರ್ಷವಿಡೀ ಸಹಿಸಿದಳು. ದೃಷ್ಟಿ ಒಂದಿಷ್ಟು ಏರಿ, ಅಲ್ಲೇ ನಿಂತಿತು.

"ಸಾಕಮ್ಮ. ಇಷ್ಟು ದಿನ ನಿನಗೋಸ್ಕರ ಹಾಕ್ಕೊಂಡೆ" ಎಂದಳು. ಯಾವ ಮಗುವಿನ ಚಿಕಿತ್ಸೆಯನ್ನೂ ನಡುವೆ ಬಿಡಗೊಡದಿದ್ದ ಡಾಕ್ಟರಮ್ಮ, ತಮ್ಮ ಕೈಯಿಂದಲೇ ಪಟ್ಟಿ ತೆಗೆದರು.

ಆಮೇಲೆ ಅವರು ರಜೆಯ ದಿನಗಳನ್ನೆಲ್ಲ ಶಿಶುವಿಹಾರಗಳಿಗೆ ಮೀಸಲಿಟ್ಟು, ನೇರ ಕಣ್ಣಿನ ಮಕ್ಕಳನ್ನೂ ಒಂದೊಂದೇ ಕಣ್ಣು ಮುಚ್ಚಿಸಿ ಪರೀಕ್ಷಿಸತೊಡಗಿದರು. ಹಿಂಜರಿಯುವ ಹೆತ್ತವರಿಗೆ, "ನನ್ನ ಮಗಳಿಗೆ ನಾನೇ ತಡ ಮಾಡಿದೆ. ನೀವು ಮಾಡಬೇಡಿ" ಎನ್ನುತ್ತಿದ್ದರು. ಹೇಳುವಾಗೆಲ್ಲ ದನಿ ಕುಗ್ಗುತ್ತಿತ್ತು. ಹೇಳದೆ ಮಾತ್ರ ಬಿಡಲಿಲ್ಲ.

ಈ ಲೇಖನಕ್ಕೆ ಅನುಮತಿ ಕೇಳಿದಾಗಲೂ, "ಬರೆಯೋದಾದ್ರೆ ಅದನ್ನೂ ಬರಿ" ಎಂದರು. ಬರೆದಿದ್ದೇನೆ. ಶಿಶುವಿಹಾರಗಳ ಅವರ ತಿರುಗಾಟ ನಿಲ್ಲದಿರಲಿ, ಆಯುಸ್ಸು ಹೆಚ್ಚಲಿ. ಮಗಳು ಎಂದೋ ಕ್ಷಮಿಸಿದ್ದಾಳೆ. ತಮ್ಮನ್ನು ತಾವೇ ಕ್ಷಮಿಸಿಕೊಳ್ಳುವುದಕ್ಕೆ ಸಾಕಾಗುವಷ್ಟು ದೀರ್ಘವಾಗಿರಲಿ ಆ ಆಯುಸ್ಸು.